433 ಮೆಗಾಹರ್ಟ್ಸ್ ಗೇಟ್‌ವೇ: ಗೋಡೆಯಾಚೆಯ ಸೆನ್ಸರ್ ಸಿಗದಿದ್ದಾಗ

ಬಾಗಿಲಿನ ವೈರ್‌ಲೆಸ್ ಸೆನ್ಸರ್ ಮೇಜಿನ ಮೇಲಿದ್ದರೆ ಅದರ ಸಿಗ್ನಲ್ಲನ್ನು ಗೇಟ್‌ವೇ (ರೇಡಿಯೋ ಸಂದೇಶ ಹಿಡಿದು ಮನೆಯ ನೆಟ್‌ವರ್ಕಿಗೆ ದಾಟಿಸುವ ಸಾಧನ) ಹಿಡಿಯುತ್ತಿತ್ತು, ಗೋಡೆಯಾಚೆ ಹೋದರೆ ಇಲ್ಲ. ಇಎಸ್‌ಪಿ32 ಎಂಬ ವೈಫೈ ಬೋರ್ಡು, ಅದರಲ್ಲಿ ಓಡುವ ಓಪನ್‌ಎಂಕ್ಯೂಟಿಟಿಗೇಟ್‌ವೇ ತಂತ್ರಾಂಶ ಎರಡೂ ಸರಿಯಿದ್ದವು; ತೊಂದರೆ ಇದ್ದದ್ದು ಅಗ್ಗದ ಸೂಪರ್-ರೀಜನರೇಟಿವ್ ರಿಸೀವರಿನಲ್ಲಿ. ಅದು ಸುತ್ತಲಿನ ಗದ್ದಲವನ್ನೂ ಸಿಗ್ನಲ್ ಜೊತೆಗೇ ಎಳೆದುಕೊಳ್ಳುತ್ತದೆ. ಸಾಲದ್ದಕ್ಕೆ 5 ವೋಲ್ಟ್ ಬೇಡುತ್ತದೆ, ಇಎಸ್‌ಪಿ32ರ ಪಿನ್ನುಗಳು ಇರುವುದು 3.3ಕ್ಕೆ.

ಬದಲಿಗೆ ಸೂಪರ್‌ಹೆಟರೊಡೈನ್ ಬಗೆಯ (ಬೇಕಾದ ಆವರ್ತನವನ್ನು ಸೋಸಿ ಹಿಡಿಯುವ) ಎಸ್‌ಆರ್‌ಎಕ್ಸ್882 ರಿಸೀವರ್ ಹಾಕಿದೆ. ಅದರ ವಿಸಿಸಿ (ವಿದ್ಯುತ್ ಪಡೆಯುವ ಪಿನ್) 3.3 ವೋಲ್ಟಿಗೆ, ಡೇಟಾ ಇಎಸ್‌ಪಿ32ರ 27ನೇ ಪಿನ್ನಿಗೆ. ಮಾಡ್ಯೂಲನ್ನು ಚಾಲೂ ಮಾಡುವ ಸಿಎಸ್ ಪಿನ್ನನ್ನೂ 3.3ಕ್ಕೇ ಕಟ್ಟಬೇಕು, ಇದನ್ನು ಮರೆಯಲೇಬೇಡಿ, ಇಲ್ಲದಿದ್ದರೆ ಮಾಡ್ಯೂಲ್ ಏಳುವುದೇ ಇಲ್ಲ, ಲಾಗ್‌ನಲ್ಲಿ ಸೆನ್ಸರಿನ ಒಂದು ಸಾಲೂ ಬರದು. ಆಂಟೆನಾಗೆ 17.3 ಸೆಂ.ಮೀ. ಗಟ್ಟಿ ತಂತಿ ಬೆಸುಗೆ ಹಾಕಿ ನೆಟ್ಟಗೆ ನಿಲ್ಲಿಸಿದೆ. 433.92 ಮೆಗಾಹರ್ಟ್ಸ್ ಅಲೆಯುದ್ದದ ಕಾಲು ಭಾಗ ಅಷ್ಟೇ. ಸುರುಳಿ ಸುತ್ತಿದರೆ ಈ ಲೆಕ್ಕ ನಡೆಯದು.

ವೈಫೈ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯದಂತೆ ವಿಸಿಸಿ, ಗ್ರೌಂಡ್ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು, ರಿಸೀವರನ್ನು ಬೋರ್ಡಿನಿಂದ ಗೇಣು ದೂರ ಸರಿಸಿದ ಮೇಲೆ ಮಹಡಿಯ ಸೆನ್ಸರೂ ಸಿಗತೊಡಗಿತು.