ಶ್ರೋಣಿತಳದ ಸ್ನಾಯುಗಳನ್ನು ಹತೋಟಿಗೆ ತರುವುದು ಹೇಗೆ?

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಮೂತ್ರ ಸೋರಿದರೆ, ಹೆರಿಗೆಯಾದವರಿಗೆ ಇದು ಇದ್ದದ್ದೇ ಎಂದು ಎಷ್ಟೋ ಮಹಿಳೆಯರು ಯಾರಿಗೂ ಹೇಳದೆ ಸಹಿಸಿಕೊಳ್ಳುತ್ತಾರೆ. ಸಹಿಸಬೇಕಾಗಿಲ್ಲ, ಇದಕ್ಕೆ ಚಿಕಿತ್ಸೆಯಿದೆ. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ತೊಟ್ಟಿಲಿನಂತೆ ಹೊತ್ತಿರುವ ಶ್ರೋಣಿತಳದ, ಅಂದರೆ ಪೆಲ್ವಿಕ್ ಫ್ಲೋರಿನ, ಸ್ನಾಯುಗಳ ಸ್ಥಿತಿಯನ್ನು ಮೊದಲು ತಿಳಿದುಕೊಳ್ಳಬೇಕು.

ಈ ಸ್ನಾಯುಗಳು ಸಡಿಲವಾದರೆ ಸೋರಿಕೆ ಉಂಟಾಗುತ್ತದೆ. ಸದಾ ಬಿಗಿದುಕೊಂಡಿದ್ದರೆ ಮಲವಿಸರ್ಜನೆಗೆ ತಿಣುಕಬೇಕಾಗುತ್ತದೆ, ಹೋಗಿ ಬಂದರೂ ಪೂರ್ತಿಯಾಗಲಿಲ್ಲ ಎನ್ನಿಸುತ್ತದೆ, ಮೂತ್ರ ತಡೆತಡೆದು ಬರುತ್ತದೆ. ಎರಡನೆಯ ಗುಂಪಿನವರು ಯಾರೋ ಹೇಳಿದರೆಂದು ಬಿಗಿಯುವ ವ್ಯಾಯಾಮ ಮಾಡಿದರೆ ತೊಂದರೆ ಹೆಚ್ಚಬಹುದು. ಅವರು ಕಲಿಯಬೇಕಾದದ್ದು ಸಡಿಲಿಸುವುದನ್ನು. ಆದ್ದರಿಂದ ಸ್ತ್ರೀರೋಗ ತಜ್ಞರನ್ನೋ, ಈ ವಿಷಯದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟರನ್ನೋ ಮೊದಲು ಕಾಣಿ. ಹೋಗುವ ಮುನ್ನ 3 ದಿನ ಕುಡಿದ ನೀರು, ಮೂತ್ರಕ್ಕೆ ಹೋದ ಹೊತ್ತು, ಸೋರಿದ ಸಂದರ್ಭಗಳನ್ನು ಬರೆದಿಟ್ಟುಕೊಂಡರೆ ಕಾರಣ ಹುಡುಕುವುದು ಸುಲಭವಾಗುತ್ತದೆ.

ಸ್ನಾಯು ದುರ್ಬಲವೆಂದು ಖಚಿತವಾದರೆ, ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮವೇ ಇಂದಿಗೂ ಮೊದಲ ಚಿಕಿತ್ಸೆ. ಅಪಾನವಾಯುವನ್ನು ತಡೆಯುವಾಗಿನಂತೆ ಗುದದ್ವಾರವನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಂಡು ಆ ಬಿಗಿತವನ್ನು ಮೂತ್ರದ್ವಾರದವರೆಗೂ ತನ್ನಿ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠಗಳು ಬಿಗಿಯಬಾರದು. 3 ಸೆಕೆಂಡಿನಿಂದ ಆರಂಭಿಸಿ ಕ್ರಮೇಣ 8–10 ಸೆಕೆಂಡಿಗೆ ಏರಿಸಿ, ಪ್ರತಿ ಸಲವೂ ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಮ್ಮೆಗೆ 8 ಬಾರಿಯಂತೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಮಾಡಬೇಕು. ಮೂತ್ರವನ್ನು ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ.

ಮಲವಿಸರ್ಜನೆಗೆ ಕೂರುವ ಭಂಗಿಯೂ ಮುಖ್ಯ. ಗುದನಾಳವನ್ನು ಹಿಂದಿನಿಂದ ಬಳಸಿ ಮುಂದಕ್ಕೆಳೆದು ಬಾಗಿಸಿಡುವ ಸ್ನಾಯುವೊಂದಿದೆ. ಕುಕ್ಕರುಗಾಲಿನಲ್ಲಿ ಕೂತಾಗ ಆ ಬಾಗು ನೇರವಾಗುತ್ತದೆ. ಕಮೋಡ್ ಬಳಸುವವರು ಪಾದದಡಿ ಗಿಡ್ಡ ಸ್ಟೂಲಿಟ್ಟು, ಮೊಣಕಾಲುಗಳು ಸೊಂಟಕ್ಕಿಂತ ಮೇಲೆ ಬರುವಂತೆ ಕೂತು, ಮುಂದೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ, ತಿಣುಕದೆ ಹೊಟ್ಟೆಯುಬ್ಬುವಂತೆ ನಿಧಾನವಾಗಿ ಉಸಿರಾಡಬೇಕು.

ಬಸ್ ಪ್ರಯಾಣದಲ್ಲಿ ಶೌಚಾಲಯ ಸಿಗದೆಂದು ನೀರು ಕುಡಿಯುವುದನ್ನೇ ಬಿಡುವುದು ನಮ್ಮಲ್ಲಿ ಸಾಮಾನ್ಯ. ಆದರೆ ಅದರಿಂದ ಮಲ ಗಟ್ಟಿಯಾಗಿ, ತಿಣುಕಿದಷ್ಟೂ ಸ್ನಾಯು ಮತ್ತೆ ಸೋಲುತ್ತದೆ. ಮೂತ್ರ ಅಥವಾ ಮಲದಲ್ಲಿ ರಕ್ತ ಕಂಡರೆ ವ್ಯಾಯಾಮವನ್ನೇ ನೆಚ್ಚಿಕೊಳ್ಳದೆ ವೈದ್ಯರಿಗೆ ತೋರಿಸಿ. ಮೂತ್ರ ಪೂರ್ತಿ ಕಟ್ಟಿಹೋದರೆ ಅಥವಾ ತೊಡೆಸಂದು ಜೋಮು ಹಿಡಿದರೆ ಅಂದೇ ಆಸ್ಪತ್ರೆಗೆ ಹೋಗಿ.