ನಿಮ್ಮ ಬೂತಲ್ಲಿ ನಿಜಕ್ಕೂ ಎಷ್ಟು ಜನ ವೋಟ್ ಹಾಕಿದ್ರು? ನೀವೇ ಲೆಕ್ಕ ಹಾಕಿ ನೋಡಿ

ಎಲೆಕ್ಷನ್ ಮುಗಿದ ಮಾರನೇ ದಿನ ಪೇಪರಲ್ಲಿ ಅದೇ ಹೆಡ್‌ಲೈನು, ಬೆಂಗಳೂರಿನವ್ರು ಮತ್ತೆ ವೋಟ್ ಹಾಕ್ಲಿಲ್ಲ ಅಂತ. 2024ರ ಲೋಕಸಭೆಲಿ ಬೆಂಗಳೂರು ದಕ್ಷಿಣ 53.17%, ಸೆಂಟ್ರಲ್ 54.06%, ಉತ್ತರ 54.45%, ಅದೇ ದಿನ ಮಂಡ್ಯ 81% ದಾಟಿತ್ತು. ಇದ್ರಲ್ಲಿ ಮನೇಲೇ ಕೂತವ್ರ ಪಾಲು ಇಲ್ಲ ಅಂತಲ್ಲ, ಖಂಡಿತ ಇದೆ, ಆದ್ರೆ ಇಡೀ ಕ್ಷೇತ್ರಕ್ಕೆ ಒಂದು ನಂಬರ್ ಇಟ್ಕೊಂಡು ನಮ್ಮ ಏರಿಯಾ ಬಗ್ಗೆ ಮಾತಾಡೋಕಾಗಲ್ಲ. ಬೂತ್ ಮಟ್ಟಕ್ಕೆ ಇಳೀಬೇಕು, ಅದಕ್ಕೆ ಬೇಕಾದ ಕಾಗದ ಎಲ್ಲಾ ಆನ್‌ಲೈನಲ್ಲೇ ಫ್ರೀಯಾಗಿ ಸಿಗುತ್ತೆ.

ಮೊದಲು ನಿಮ್ಮ ಭಾಗ ಸಂಖ್ಯೆ, ಅಂದ್ರೆ ಮತದಾರರ ಪಟ್ಟಿಲಿ ನಿಮ್ಮ ಬೂತಿನ ನಂಬರ್, ಹುಡುಕಿ. ಚುನಾವಣಾ ಆಯೋಗದ ವೋಟರ್ ಪೋರ್ಟಲ್‌ನಲ್ಲಿ ಎಪಿಕ್ ನಂಬರ್ (ವೋಟರ್ ಕಾರ್ಡ್ ಮೇಲಿರೋ ನಂಬರ್) ಹಾಕಿದ್ರೆ ಬರುತ್ತೆ. ಆ ಭಾಗದ ಮತದಾರರ ಪಟ್ಟಿಯ ಪಿಡಿಎಫ್ ಇಳಿಸ್ಕೊಳ್ಳಿ. ಯಾವ ಮೇನು, ಯಾವ ಕ್ರಾಸು ಈ ಬೂತಿಗೆ ಸೇರುತ್ತೆ ಅಂತ ಮೊದಲ ಪುಟದಲ್ಲಿರುತ್ತೆ, ಒಟ್ಟು ಮತದಾರರ ಲೆಕ್ಕ ಕೊನೇ ಪುಟದಲ್ಲಿ.

ಎರಡನೇದು ಫಾರ್ಮ್ 20. ಇದು ಫೈನಲ್ ರಿಸಲ್ಟ್ ಶೀಟು, ಕರ್ನಾಟಕ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಲ್ಲಿ ಕ್ಷೇತ್ರದ ಪ್ರಕಾರ ಹಾಕಿರ್ತಾರೆ. ಒಂದೊಂದು ಸಾಲು ಒಂದೊಂದು ಬೂತು, ಯಾವ ಅಭ್ಯರ್ಥಿಗೆ ಎಷ್ಟು, ನೋಟಾಗೆ ಎಷ್ಟು, ಒಟ್ಟು ಎಷ್ಟು, ಎಲ್ಲಾ ಇರುತ್ತೆ. ಆದ್ರೆ ಆ ಬೂತಲ್ಲಿ ಮತದಾರರು ಒಟ್ಟು ಎಷ್ಟಿದ್ರು ಅನ್ನೋದು ಮಾತ್ರ ಇರಲ್ಲ, ಅದಕ್ಕೇ ಪಟ್ಟಿ ಬೇಕಾಗಿದ್ದು. ಫಾರ್ಮ್ 20ರ ಒಟ್ಟು ವೋಟನ್ನ ಪಟ್ಟಿಯ ಒಟ್ಟು ಹೆಸರಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಬೂತಿನ ಪರ್ಸೆಂಟೇಜ್ ಬಂತು. ಆ ಚುನಾವಣೆ ಟೈಮಿನ ಪಟ್ಟಿನೇ ತಗೊಳ್ಳಿ, ಬೂತ್‌ಗಳನ್ನ ಆಗಾಗ ಒಡೀತಾರೆ ಸೇರಿಸ್ತಾರೆ, ಇವತ್ತಿನ ಪಟ್ಟಿ ಇಟ್ರೆ ಲೆಕ್ಕ ತಪ್ಪುತ್ತೆ. ಪೋಸ್ಟಲ್ ವೋಟು ಕೊನೇಲಿ ಬೇರೆ ಸಾಲಲ್ಲಿರುತ್ತೆ, ಅದು ಬೂತಿಗೆ ಸೇರಲ್ಲ.

ಈಗ ಮುಖ್ಯವಾದ್ದು. ಪಟ್ಟಿನ ಮನೆ ನಂಬರ್ ಹಿಡ್ಕೊಂಡು ಓದಿ. ಬಾಡಿಗೆ ಮನೆ ಜಾಸ್ತಿ ಇರೋ ಕ್ರಾಸಲ್ಲಿ ಒಂದೇ ಡೋರ್ ನಂಬರಿಗೆ ಸಂಬಂಧ ಇಲ್ದಿರೋ ಮೂರು ಸಂಸಾರದ ಹೆಸರಿರುತ್ತೆ, ತಂದೆ ಹೆಸರು ಗಂಡನ ಹೆಸರು ಯಾವುದೂ ತಾಳೆ ಆಗಲ್ಲ, ಅಂದ್ರೆ ಹಿಂದಿನ ಬಾಡಿಗೆಯವ್ರು, ಅವರ ಹಿಂದಿನವ್ರು, ಎಲ್ಲಾ ಪಟ್ಟಿಲಿ ಹಾಗೇ ಉಳಿದಿದಾರೆ, ಈಗ ಇರೋರ ಹೆಸರು ಮಾತ್ರ ಊರಲ್ಲೇ ಇದೆ! ಉದಾಹರಣೆಗೆ 1,200 ಹೆಸರು, 600 ವೋಟು ಅಂದ್ಕೊಳ್ಳಿ, 50% ಆಯ್ತು. ಅದ್ರಲ್ಲಿ 200 ಜನ ಮನೆ ಬಿಟ್ಟವ್ರು, ತೀರ್ಕೊಂಡವ್ರು ಆಗಿದ್ರೆ ಇರೋ 1,000 ಜನರಲ್ಲಿ 600, ಅಂದ್ರೆ 60%. ಜನ ಅದೇ, ವೋಟೂ ಅದೇ. 2023ರ ವಿಧಾನಸಭೆಗೆ ವೀಕೆಂಡ್ ಟ್ರಿಪ್ ತಪ್ಪಿಸೋಕೆ ಅಂತ್ಲೇ ಬುಧವಾರ ಪೋಲಿಂಗ್ ಇಟ್ರು, ಸರಿ, ಆದ್ರೆ ಪಟ್ಟಿ ಸರಿ ಇಲ್ದಿದ್ರೆ ಯಾವ ವಾರ ಇಟ್ರೂ ಈ ಗ್ಯಾಪ್ ಹೋಗಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ಪಕ್ಕದ ಬೂತ್‌ಗಳ ಜೊತೆ ಹೋಲಿಸಿ, ಸ್ವಂತ ಮನೆಯವ್ರಿರೋ ಹಳೇ ಬಡಾವಣೆ, ಅಪಾರ್ಟ್‌ಮೆಂಟ್ ಸಾಲು, ವಠಾರಗಳಿರೋ ಬೀದಿ ಬೇರೆ ಬೇರೆ ಇಟ್ಟು ನೋಡಿ. 2023ರ ವಿಧಾನಸಭೆ, 2024ರ ಲೋಕಸಭೆ ಎರಡನ್ನೂ ಪಕ್ಕ ಪಕ್ಕ ಇಟ್ರೆ ಒಂದೇ ಬೂತು ವರ್ಷದೊಳಗೆ ಯಾವ ಕಡೆ ವಾಲಿದೆ ಅಂತಾನೂ ಕಾಣುತ್ತೆ. ಆದ್ರೆ ಇದನ್ನ ಹಿಡ್ಕೊಂಡು ಈ ಬೀದಿಯವ್ರು ಇಂಥ ಪಕ್ಷದವ್ರು ಅಂತ ಹಣೆಪಟ್ಟಿ ಹಚ್ಬೇಡಿ, ದಯವಿಟ್ಟು. ಮತ ಗುಟ್ಟಾಗಿರೋದು ಜನರ ರಕ್ಷಣೆಗೆ. ಇನ್ನು ಒಂದು ಬೂತಿಂದ ಏನಾಗುತ್ತೆ ಅನ್ನೋರಿಗೆ, ಜಯನಗರದಲ್ಲಿ 2023ರಲ್ಲಿ ಗೆಲುವಿನ ಅಂತರ ಬರೀ 16 ವೋಟು.

ಕೊನೇದಾಗಿ ರಿಪೇರಿ. ಮನೆ ಬದಲಾಯ್ಸಿದ್ರೆ ಫಾರ್ಮ್ 8, ಹೊಸದಾಗಿ ಸೇರೋಕೆ ಫಾರ್ಮ್ 6, ತೀರ್ಕೊಂಡವ್ರ ಹೆಸರು ತೆಗೆಸೋಕೆ ಫಾರ್ಮ್ 7. ಫಾರ್ಮ್ 7ನ ನಿಮ್ಮ ಮನೆ ಮಟ್ಟಿಗೆ ಮಾತ್ರ ಬಳಸಿ, ಬೇರೆಯವ್ರದ್ದು ಗೊತ್ತಾದ್ರೆ ಬೂತ್ ಮಟ್ಟದ ಅಧಿಕಾರಿ, ಅಂದ್ರೆ ಬಿಎಲ್‌ಒಗೆ ಹೇಳಿ, ಅವ್ರು ಮನೆಗೆ ಬಂದು ಚೆಕ್ ಮಾಡ್ಲಿ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ತೆಗೀರಿ ಅಂತ ಆನ್‌ಲೈನಲ್ಲಿ ಬಂದ 6,018 ಅರ್ಜಿಲಿ ಸರಿ ಇದ್ದಿದ್ದು 24 ಮಾತ್ರ. ಬಿಎಲ್‌ಒ ಹೆಸರು, ಫೋನ್ ನಂಬರ್ ಎರಡೂ ಅದೇ ಪೋರ್ಟಲ್‌ನಲ್ಲಿದೆ, ಎಲೆಕ್ಷನ್ ಡೇಟ್ ಬರೋ ತನಕ ಕಾಯದೆ ಈಗ್ಲೇ ಮಾತಾಡಿ.