ಇಬ್ಬನಿ ಒರೆಸುತ್ತಿದ್ದವನ ಕಾರು

ನನ್ನ ಕಾರು ಕಡು ನೀಲಿ. ಕಲಬುರಗಿಯಲ್ಲಿ ಕಡು ಬಣ್ಣದ ಕಾರು ತಗೊಳ್ಳುವವನು ಒಂದೋ ಊರಿಗೆ ಹೊಸಬ, ಇಲ್ಲಾ ಹುಚ್ಚ. ನಾನು ಹೊಸಬನಲ್ಲ.

ಮೊದಲ ವರ್ಷ ಬಿಸಿಲಿಗೆ ಹೆದರಿ ನೆರಳು ಹುಡುಕಿ ನಿಲ್ಲಿಸಿದೆ. ಮಳೆಗಾಲದಲ್ಲಿ ಕೆಸರು ತೊಳೆದೆ. ಚಳಿಗಾಲ ಬಂದಾಗ, ಸದ್ಯ, ಇನ್ನು ಆರಾಮ ಅಂದುಕೊಂಡೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೂ ಹಗಲು ಮತ್ತೆ 30ರ ಹತ್ತಿರ. ಕಾರಿಗೆ ಏನಾದೀತು? ಪೇಂಟ್ ಹಾಳಾಗಿದ್ದು ಅದೇ ಮೂರು ತಿಂಗಳಲ್ಲಿ.

ಹಾಳು ಮಾಡಿದ್ದು ಚಳಿ ಅಲ್ಲ, ನಾನೇ. ಬೆಳಿಗ್ಗೆ ಎದ್ದು ನೋಡಿದರೆ ಬಾನೆಟ್, ಟಾಪು, ಗಾಜು ಎಲ್ಲ ಇಬ್ಬನಿಗೆ ತೊಯ್ದಿರುತ್ತಿತ್ತು. ಪುಕ್ಕಟೆ ನೀರು ಸಿಕ್ಕಿತಲ್ಲ ಅಂತ ಹಳೆ ಟವೆಲ್ ಹಿಡಿದು ಪೂರಾ ಕಾರು ಒರೆಸುತ್ತಿದ್ದೆ. ಐದು ನಿಮಿಷದ ಕೆಲಸ. ಬಕೆಟ್ ಬೇಡ, ಪೈಪ್ ಬೇಡ. ನಮ್ಮ ಓಣಿಯಲ್ಲಿ ಅರ್ಧ ಜನ ಈಗಲೂ ಹೀಗೇ ಮಾಡುತ್ತಾರೆ. ಫೆಬ್ರವರಿಯ ಒಂದು ಮಧ್ಯಾಹ್ನ ಸೂಪರ್ ಮಾರ್ಕೆಟ್ ಹತ್ತಿರ ನಿಲ್ಲಿಸಿ ವಾಪಸ್ ಬಂದೆ. ಬಿಸಿಲು ನೇರವಾಗಿ ಬಾನೆಟ್ ಮೇಲೆ ಬಿದ್ದಿತ್ತು. ಜೇಡ ಬಲೆ ನೇಯ್ದ ಹಾಗೆ ಸಣ್ಣ ಸಣ್ಣ ಗೆರೆ, ಬಾನೆಟ್ ತುಂಬ.

ಯಾರೋ ಹುಡುಗರು ಗೀರಿದ್ದಾರೆ ಅಂತ ಬೈದುಕೊಳ್ಳುತ್ತಾ ಪೇಂಟಿಂಗ್ ಮಾಡುವ ಚಾಚಾ ಹತ್ತಿರ ಒಯ್ದೆ. ಅವರು ಬೆರಳಾಡಿಸಿ ನೋಡಿ ನಕ್ಕರು. “ಯಾರೂ ಗೀರಿಲ್ರೀ ಸಾಬ್. ನೀವೇ ದಿನಾ ಸ್ವಲ್ಪ ಸ್ವಲ್ಪ ತಿಕ್ಕೀರಿ.”

ಯೋಚನೆ ಮಾಡಿದರೆ ಹೌದು ಅನ್ನಿಸಿತು. ಡಿಸೆಂಬರ್, ಜನವರಿ ಅಂದರೆ ನಮ್ಮಲ್ಲಿ ತೊಗರಿ ರಾಶಿ ಕಾಲ. ಎಲ್ಲಿ ನೋಡಿದರೂ ಮಷಿನ್, ಹೊಟ್ಟು, ಧೂಳು. ಜೊತೆಗೆ ನಾನು ಕೆಲಸಕ್ಕೆ ಹೋಗುವುದು ಸೇಡಂ ಕಡೆ. ಸಿಮೆಂಟ್ ಲಾರಿಗಳ ದಾರಿ. ಮಳೆ ಇಲ್ಲದ್ದರಿಂದ ಬಿದ್ದ ಧೂಳು ಬಿದ್ದಲ್ಲೇ ಇರುತ್ತದೆ. ರಾತ್ರಿ ಮೋಡ ಇಲ್ಲದಾಗ ಕಾರಿನ ಟಾಪು ತನ್ನ ಬಿಸಿಯನ್ನೆಲ್ಲ ಬಯಲಿಗೆ ಬಿಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಅದಕ್ಕೇ ಅದರ ಮೇಲೆ ಇಬ್ಬನಿ ಕೂರುವುದು. ಶೆಡ್ ಒಳಗಿನ ಕಾರು ಒಣಗೇ ಇರುತ್ತದೆ. ಧೂಳಿಗೆ ಇಬ್ಬನಿ ಸೇರಿದರೆ ಕೆಸರು. ಆ ಕೆಸರಿನ ಮೇಲೆ ಟವೆಲ್ ಎಳೆದರೆ ಅದು ಸ್ಯಾಂಡ್ ಪೇಪರೇ. ಪೇಂಟಿನ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ತಲೆಗೂದಲಿಗಿಂತ ತೆಳು. ಎಷ್ಟು ದಿನ ತಡೆದೀತು?

ಚಾಚಾ ಮಷಿನ್ ಪಾಲಿಶ್ ಮಾಡಿ ಮುಕ್ಕಾಲು ಗೆರೆ ತೆಗೆದರು. “ವರ್ಷಾ ವರ್ಷಾ ಮಾಡಸ್ಬ್ಯಾಡ್ರಿ” ಅಂತ ಅವರೇ ಹೇಳಿದರು. ಪ್ರತಿ ಪಾಲಿಶಿಗೂ ಆ ತೆಳು ಪದರ ಇನ್ನಷ್ಟು ತೆಳುವಾಗುತ್ತದೆ. ಗಿರಾಕಿಗೆ ಈ ಮಾತು ಹೇಳುವವರು ಕಡಿಮೆ.

ಮುಂದಿನ ದೀಪಾವಳಿ ಮುಗಿದ ಭಾನುವಾರ, ಮಳೆ ಪೂರ್ತಿ ನಿಂತ ಮೇಲೆ, ಕಾರಿಗೆ ನಾನೇ ಕೈ ಹಾಕಿದೆ. ವಾಷಿಂಗ್ ಸೆಂಟರಿಗೆ ಹೋಗಲಿಲ್ಲ. ಒಮ್ಮೆ ಒಂದು ಕಡೆ ಹೋದಾಗ ಟೈರು ಒರೆಸಿದ ಬಟ್ಟೆಯಲ್ಲೇ ಬಾಗಿಲು ಒರೆಸುವುದನ್ನು ಕಣ್ಣಾರೆ ಕಂಡಿದ್ದೆ.

ಮೊದಲು ಬೇಕಾಗಿದ್ದು ಮುಟ್ಟದೆ ಧೂಳು ಇಳಿಸುವ ದಾರಿ. ಪ್ರೆಷರ್ ವಾಷರಿಗೆ ದುಡ್ಡು ಹಾಕಲು ಮನಸ್ಸಿರಲಿಲ್ಲ. ಹೊಲಕ್ಕೆ ಎಣ್ಣಿ, ಅಂದರೆ ಹುಳದ ಔಷಧ, ಹೊಡೆಯುತ್ತಾರಲ್ಲ, ಬೆನ್ನಿಗೆ ಹಾಕುವ 16 ಲೀಟರಿನ ಬ್ಯಾಟರಿ ಪಂಪ್, ಅದರ ಹೊಸದೊಂದು ತಂದೆ. ಹಳೆಯದು ನಡೆಯುವುದಿಲ್ಲ, ಒಳಗೆ ಔಷಧ ಉಳಿದಿರುತ್ತದೆ. ನೀರಿಗೆ ಒಂದು ಮುಚ್ಚಳ ಕಾರ್ ಶಾಂಪೂ ಹಾಕಿ ಟಾಪಿನಿಂದ ಕೆಳಕ್ಕೆ ಸಿಂಪಡಿಸಿದೆ. ನಾಲ್ಕೈದು ನಿಮಿಷ ನೆನೆಯಲು ಬಿಟ್ಟೆ. ಆಮೇಲೆ ಬರೀ ನೀರು. ಎರೆಮಣ್ಣಿನ ಕಪ್ಪು ನೀರು ಅಂಗಳದ ಪರಸಿ ಕಲ್ಲಿನ ಮೇಲೆ ಹರಿಯುವುದು ನೋಡಿ, ಇಷ್ಟೂ ದಿನ ಇದನ್ನೇ ಟವೆಲಿನಿಂದ ತಿಕ್ಕುತ್ತಿದ್ದೆನಾ ಅನ್ನಿಸಿತು.

ಅದಾದ ಮೇಲೇ ಕೈ. ಎರಡು ಬಕೆಟ್, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಸಾದಾ ನೀರು. ಮೈಕ್ರೋಫೈಬರ್ ಗ್ಲೌಸಿನಲ್ಲಿ ಒಂದು ಭಾಗ ತೊಳೆದು, ಸಾದಾ ನೀರಿನಲ್ಲಿ ಹಿಂಡಿ, ಮತ್ತೆ ಶಾಂಪೂಗೆ. ಪಾತ್ರೆ ತೊಳೆಯುವ ಸೋಪು ಹಾಕಬೇಡಿ. ಜಿಡ್ಡಿನ ಜೊತೆ ಹಿಂದೆ ಹಚ್ಚಿದ ವ್ಯಾಕ್ಸೂ ಹೋಗುತ್ತದೆ.

ಕೊನೆಗೆ ನೀರಿನ ತಕರಾರು. ನಮ್ಮ ಬೋರ್ ನೀರು ಗಡಸು. ಸುತ್ತಲೂ ಸುಣ್ಣದ ಕಲ್ಲೇ ಇರುವಾಗ ಇನ್ನೇನಿದ್ದೀತು? ಒಣಗಿದರೆ ಬಿಳಿ ಕಲೆ ಗ್ಯಾರಂಟಿ. ಹಾಗಾಗಿ ಕೊನೆಯ ಎರಡು ಬಕೆಟಿಗೆ ನಲ್ಲಿ ನೀರು ಬೇಕು ಅಂದೆ. “ನಲ್ಲಿ ಬಿಡೋದೇ ಯಾವಾಗೋ ಒಮ್ಮೆ. ಭೀಮಾ ನದಿ ನೀರು ನಿಮ್ಮ ಗಾಡಿಗೆ ಸುರೀಬೇಕೇನ್ರೀ?” ಅಂದಳು ಹೆಂಡತಿ. ಒಂದು ಬಕೆಟಿಗೆ ಒಪ್ಪಂದವಾಯಿತು. ಅದನ್ನೇ ಪಂಪಿಗೆ ಹಾಕಿಕೊಂಡರೆ ಇಡೀ ಕಾರಿಗೆ ಸಾಕಾಗುತ್ತದೆ. ತಕ್ಷಣ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ, ತಿಕ್ಕದೆ, ಒತ್ತಿ ನೀರು ಹೀರಿಸಿದೆ.

ಬಾಗಿಲ ಕೆಳಭಾಗದಲ್ಲಿ ಮಾತ್ರ ಬೂದು ಚುಕ್ಕೆಗಳು ಹೋಗಲಿಲ್ಲ. ಸಿಮೆಂಟ್ ಧೂಳು ಇಬ್ಬನಿ ಕುಡಿದು ಗಟ್ಟಿಯಾಗಿತ್ತು. ಉಗುರಿನಿಂದ ಕೆರೆಯಲು ಹೋಗಬೇಡಿ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ತೋಯಿಸಿ ಚುಕ್ಕೆಯ ಮೇಲೆ ಎರಡು ನಿಮಿಷ ಇಟ್ಟೆ. ಮೆತ್ತಗಾಯಿತು. ಮತ್ತೆರಡು ಸಲ ಮಾಡಿ, ಚೆನ್ನಾಗಿ ನೀರು ಹಾಕಿ ತೊಳೆದೆ. ನೆರಳಿನಲ್ಲಿ, ಲೋಹ ತಣ್ಣಗಿರುವಾಗಲೇ ಮಾಡಬೇಕು.

ಕೈಗೆ ತೆಳು ಕ್ಯಾರಿಬ್ಯಾಗ್ ಹಾಕಿಕೊಂಡು ಬಾನೆಟ್ ಸವರಿ ನೋಡಿ. ಬರಿಗೈಗೆ ಗೊತ್ತಾಗದ ತರಿ ಆಗ ಗೊತ್ತಾಗುತ್ತದೆ. ನನ್ನದು ಬಾನೆಟ್, ಟಾಪು ಎರಡೂ ತರಿತರಿ. ತರಿ ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ಮುದ್ದೆ, ಕ್ಲೇ ಬಾರ್, ತಂದು ಶಾಂಪೂ ನೀರು ಚಿಮುಕಿಸುತ್ತಾ ಹಗುರವಾಗಿ ಆಡಿಸಿದೆ. ಒಂದು ತುಂಡು ಕೈಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ, ಎಸೆದೆ. ಅದಕ್ಕೆ ಒಂದು ಹರಳು ಅಂಟಿದರೂ ಮತ್ತೆ ಗೆರೆ.

ಕೊನೆಗೆ ರಕ್ಷಣೆ. ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೂಬಾ ವ್ಯಾಕ್ಸ್ ಹೊಳಪು ಚೆಂದ, ಆದರೆ ಒಂದೆರಡು ತಿಂಗಳಿಗೆ ಮುಗಿಯುತ್ತದೆ. ನಾನು ಹಚ್ಚಿದ್ದು ಸಿಂಥೆಟಿಕ್ ಸೀಲೆಂಟ್, ಅಂದರೆ ಕೃತಕ ರಕ್ಷಣಾ ಲೇಪ. ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಒರೆಸಿದೆ. ಶಿವರಾತ್ರಿ ದಾಟಿದರೂ ನೀರು ಮುತ್ತಿನಂತೆ ಉರುಳುತ್ತಿತ್ತು. ಗೆರೆ ಬೀಳುವುದನ್ನು ಇದೇನೂ ತಡೆಯುವುದಿಲ್ಲ. ಧೂಳು ಬೇಗ ಬಿಡುತ್ತದೆ, ಹಕ್ಕಿ ಹಿಕ್ಕೆ ಪೇಂಟಿಗೆ ಇಳಿಯುವ ಮೊದಲು ತೊಳೆಯಲು ಸ್ವಲ್ಪ ಸಮಯ ಸಿಗುತ್ತದೆ, ಅಷ್ಟೇ.

ಕವರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಧೂಳು ಹಿಡಿದ ಕಾರಿಗೆ ಕವರ್ ಹಾಕಿದರೆ ಗಾಳಿಗೆ ಅದು ರಾತ್ರಿಯಿಡೀ ತಿಕ್ಕುತ್ತದೆ. ತೊಳೆದ ಕಾರಿಗೆ ಹಾಕಿದರೆ ಸರಿ, ಆದರೆ ದಿನಾ ಓಡುವ ಕಾರು ದಿನಾ ತೊಳೆಯುತ್ತೀರಾ? ನನ್ನ ಕವರ್ ಈಗ ಜೋಳದ ಚೀಲಗಳ ಮೇಲಿದೆ.

ಈಗ ಬೆಳಿಗ್ಗೆ ಇಬ್ಬನಿ ಮುಟ್ಟುವುದಿಲ್ಲ. ಗಾಜಿಗೆ ಮಾತ್ರ ಒಂದು ಮಗ್ಗು ನೀರು ಸುರಿದು ಆಮೇಲೆ ವೈಪರ್. ಉಳಿದದ್ದು ಎಂಟು ಗಂಟೆ ಹೊತ್ತಿನ ಬಿಸಿಲಿಗೆ ತಾನೇ ಹಾರಿಹೋಗುತ್ತದೆ. ಕಾರು ದಿನಾ ಹೊಳೆಯುವುದಿಲ್ಲ, ನಿಜ. ವಾರಕ್ಕೊಮ್ಮೆ ಪಂಪು, ಎರಡು ಬಕೆಟ್.

ಹೋದ ಸಲ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಮನೆಮಂದಿಯೆಲ್ಲ ಹೊಲಕ್ಕೆ ಹೋದೆವು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ಕಡಬು ಉಂಡು ಸಂಜೆ ಬರುವಷ್ಟರಲ್ಲಿ ನೀಲಿ ಕಾರು ಬೂದು ಬಣ್ಣ. ಜೊತೆಗೆ ಬಂದಿದ್ದ ಮಾವ ಅಂಗಳದ ಮೂಲೆಯಲ್ಲಿದ್ದ ಪಂಪ್ ನೋಡಿದರು.

“ಅಳಿಯಾ, ಭಾಳ ಛಲೋ ಐತಿ. ನಾಳಿ ಕಡ್ಲಿಗೆ ಎಣ್ಣಿ ಹೊಡದು ಸಂಜೀಕ ತಂದು ಕೊಡ್ತೀನಿ.”

“ಬ್ಯಾಡ್ರಿ ಮಾವಾ, ಅದು ಗಾಡಿದು” ಅಂದೆ. ಗಾಡಿಗೆ ಎಂಥಾ ಹುಳ ಬಿದ್ದದ ಅಂತ ಅವರು ಇನ್ನೂ ಕೇಳುತ್ತಿದ್ದಾರೆ.